ಆಸ್ಪತ್ರೆಯಲ್ಲಿ 6/6 ಓದುವ ಮಗಳು ಶಾಲೆಯಲ್ಲಿ ಕರಿಹಲಗೆ ಕಾಣುವುದಿಲ್ಲ ಎನ್ನುತ್ತಾಳೆ

ಸೇಡಂ ರಸ್ತೆಯ ತಾಯಿ, ಕಲಬುರಗಿ

ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಕಳೆದ ದಸರೆ ಮುಗಿದ ವಾರ ಎರಡು ದಿನ ಜ್ವರ ಬಂದು ಹೋಯಿತು. ಅದಾದ ಹತ್ತು ದಿನಕ್ಕೆ ತಲೆನೋವು ಎಂದಳು. ಕಣ್ಣು ಹೊರಳಿಸಿದರೆ ಒಳಗೆ ನೋಯುತ್ತದೆ ಎಂದಳು. ಬಿಸಿಲಿನಲ್ಲಿ ಆಡಿದ್ದಕ್ಕೆ ಹೀಗಾಗಿದೆ ಎಂದುಕೊಂಡು ಸುಮ್ಮನಾದೆ. ಮೂರನೆಯ ದಿನ ಬೆಳಿಗ್ಗೆ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ ಹಾಕಿ ತಟ್ಟೆ ಮುಂದಿಟ್ಟೆ. ಅವಳು ರೊಟ್ಟಿ ಮುರಿದುಕೊಂಡು, ಹಿಂಡಿ ಎಲ್ಲಿದೆ ಎಂದು ತಟ್ಟೆಯ ಅಂಚಿನ ಗುಂಟ ಬೆರಳಾಡಿಸತೊಡಗಿದಳು. ಹಿಂಡಿ ಅವಳ ಕಣ್ಣೆದುರಿಗೇ ಇತ್ತು.

ಮೊದಲು ಹೋದ ಕಡೆ ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಹೀಗಾಗಿದೆ ಎಂದು ಕನ್ನಡಕದ ಚೀಟಿ ಬರೆದುಕೊಟ್ಟರು. ಕನ್ನಡಕ ಹಾಕಿದರೂ ಏನೂ ಬದಲಾಗಲಿಲ್ಲ, ಎರಡು ದಿನ ಹೋದವು. ಮತ್ತೊಬ್ಬ ವೈದ್ಯರು ಟಾರ್ಚ್ ಹಿಡಿದು ಎರಡೂ ಕಣ್ಣಿನ ಪಾಪೆ ನೋಡಿ, ಒಳಗಿನ ನರ ಬಾತಿದೆ, ಇವತ್ತೇ ಹೊರಡಿ ಎಂದರು. ಅದೇ ರಾತ್ರಿ ಹೈದರಾಬಾದಿಗೆ ಹೋದೆವು. ಎಂಆರ್‌ಐ ಆಯಿತು, ರಕ್ತ ತೆಗೆದರು, ಬೆನ್ನಿನಿಂದ ನೀರು ತೆಗೆದರು. ಎರಡೂ ಕಣ್ಣುಗಳ ದೃಷ್ಟಿನರದ ಉರಿಯೂತ ಎಂದರು. ಐದು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಸಲೈನಿನಲ್ಲಿ ಹೋಯಿತು. ಆಮೇಲೆ ಮಾತ್ರೆಗಳು, ವಾರ ವಾರ ಕಡಿಮೆ ಮಾಡುತ್ತ ಡಿಸೆಂಬರ್ ನಡುವೆ ನಿಲ್ಲಿಸಿದರು. ಸಂಕ್ರಾಂತಿಯ ಹೊತ್ತಿಗೆ ಚಾರ್ಟಿನ ಕೊನೆಯ ಸಾಲನ್ನೂ ಓದಿದಳು. ಊರಿಗೆ ಬಂದವರೇ ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿದೆವು.

ಈಗ ಫೆಬ್ರುವರಿ ಕೊನೆ. ಆಟದ ಅವಧಿ ಮುಗಿದ ಮೇಲೆ ಕರಿಹಲಗೆಯ ಮೇಲಿನದು ಅಳಿಸಿಹೋದ ಹಾಗೆ ಕಾಣುತ್ತದೆ ಎನ್ನುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆಯಂತೆ. ಗಣಿತ ಆ ಅವಧಿಯಲ್ಲೇ ಇದೆ. ಬರೆಯುವುದನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಾಳೆ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ. ನಾನೂ ಒಂದು ದಿನ ಗದರಿದೆ. ಅವಳು ಅಳಲಿಲ್ಲ, ಸುಮ್ಮನೆ ಪಾಟಿಚೀಲ ತೆಗೆದುಕೊಂಡು ಒಳಗೆ ಹೋದಳು. ಆ ಹೊತ್ತು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ 6/6 ಎಂದಿದೆ, ಮಗಳು ಕಾಣುವುದಿಲ್ಲ ಎನ್ನುತ್ತಿದ್ದಾಳೆ. ನಾನು ಯಾರನ್ನು ನಂಬಲಿ?

ಹುಮನಾಬಾದಿನ ಅಪ್ಪ

ಮಗಳನ್ನು ನಂಬು ತಂಗಿ. ನನ್ನ ಮಗನಿಗೆ ಏಳು ವರ್ಷವಿದ್ದಾಗ ಬಲಗಣ್ಣಿಗೆ ಇದೇ ಆಯಿತು. ಗುಣವಾಯಿತು ಎಂದುಕೊಂಡು ನಾಲ್ಕು ತಿಂಗಳು ನೆಮ್ಮದಿಯಾಗಿದ್ದೆವು, ಆಮೇಲೆ ಎಡಗಣ್ಣಿಗೆ ಬಂತು. ಅವನ ರಕ್ತದಲ್ಲಿ ಎಂಒಜಿ ಪ್ರತಿಕಾಯ, ಅಂದರೆ ಮೈಯ ನರದ ಹೊದಿಕೆಯ ಮೇಲೆಯೇ ತಿರುಗಿಬೀಳುವ ರಕ್ಷಣಾ ಅಂಶ, ಸಿಕ್ಕಿತ್ತು. ಮಕ್ಕಳಲ್ಲಿ ಈ ಕಾಯಿಲೆಯ ಹಿಂದೆ ಬಹಳ ಸಲ ಅದೇ ಇರುತ್ತದೆ ಎಂದು ಆಗ ಗೊತ್ತಾಯಿತು. ನಿಮ್ಮ ಮಗಳಿಗೆ ಆ ಪರೀಕ್ಷೆ ಮಾಡಿದ್ದಾರೆಯೇ? ಅಕ್ವಾಪೊರಿನ್-4 ಎಂಬ ಇನ್ನೊಂದು ಪ್ರತಿಕಾಯವನ್ನೂ ನೋಡಿರುತ್ತಾರೆ. ಎರಡರ ಫಲಿತಾಂಶವೂ ಡಿಸ್ಚಾರ್ಜ್ ಕಾಗದದಲ್ಲಿ ಇರಬೇಕು, ತೆಗೆದು ನೋಡಿ.

ಮನೆಯಲ್ಲೇ ಒಂದು ನೋಡಬಹುದು. ಕುಂಕುಮದ ಭರಣಿಯನ್ನು ಮುಂದಿಟ್ಟು, ಒಂದೊಂದೇ ಕಣ್ಣು ಮುಚ್ಚಿಸಿ, ಎರಡರಲ್ಲೂ ಕೆಂಪು ಒಂದೇ ಥರ ಕಾಣುತ್ತದೆಯೇ ಎಂದು ಕೇಳಿ. ನನ್ನ ಮಗ ಒಂದು ಕಣ್ಣಿನಿಂದ ನೋಡಿ ಕುಂಕುಮ ಎಂದ, ಇನ್ನೊಂದರಿಂದ ನೋಡಿ ಇಟ್ಟಿಗೆ ಪುಡಿ ಎಂದ.

ದೃಷ್ಟಿ ಪರೀಕ್ಷಕಿ, ಯಾದಗಿರಿ

ಅಕ್ಕಾ, ನಾನು ಕಣ್ಣಿನ ವೈದ್ಯೆಯಲ್ಲ, ದೃಷ್ಟಿ ಅಳೆಯುವ ಕೆಲಸ ಮಾಡುವವಳು. ನಿಮ್ಮ ಮಗಳನ್ನು ನೋಡದೆ ಅವಳಿಗೆ ಏನಾಗಿದೆ ಎಂದು ಹೇಳಲಾರೆ. ಆದರೆ ಅವಳು ಹೇಳುತ್ತಿರುವುದು ಈ ಕಾಯಿಲೆ ಬಂದುಹೋದವರು ಹೇಳುವ ಮಾತೇ.

ಚಾರ್ಟ್ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಬೆಳ್ಳಗಿನ ಹಲಗೆ, ಅದರ ಮೇಲೆ ಕಡುಕಪ್ಪು ಅಕ್ಷರ, ಹಿಂದಿನಿಂದ ಒಳ್ಳೆಯ ಬೆಳಕು, ತಣ್ಣಗಿನ ಕೋಣೆ, ಕುಳಿತ ಮಗು. ಆ ಸ್ಥಿತಿಯಲ್ಲಿ ಎಷ್ಟು ಸಣ್ಣ ಅಕ್ಷರ ಓದಬಲ್ಲಳು ಎಂಬುದಷ್ಟೇ 6/6. ಮಾಸಲು ಹಲಗೆಯ ಮೇಲೆ ತೆಳ್ಳಗೆ ಎಳೆದ ಸೀಮೆಸುಣ್ಣದ ಗೆರೆ ಕಾಣುತ್ತದೆಯೇ ಎಂಬುದನ್ನು ಆ ಚಾರ್ಟ್ ಕೇಳುವುದೇ ಇಲ್ಲ. ಅದಕ್ಕೆ ಪೆಲ್ಲಿ-ರಾಬ್ಸನ್ ಎಂಬ ಬೇರೆ ಚಾರ್ಟ್ ಇದೆ. ಅದರಲ್ಲಿ ಅಕ್ಷರಗಳ ಗಾತ್ರ ಒಂದೇ, ಕೆಳಗಿಳಿದಂತೆ ಬಣ್ಣ ಮಾತ್ರ ತಿಳಿಯಾಗುತ್ತ ಹೋಗುತ್ತದೆ. ದೃಷ್ಟಿನರದ ಉರಿಯೂತ ಬಂದುಹೋದ ಎಷ್ಟೋ ಮಕ್ಕಳು ಮೊದಲ ಚಾರ್ಟನ್ನು ಕೊನೆಯವರೆಗೂ ಓದಿ, ಎರಡನೆಯದರಲ್ಲಿ ನಡುವೆಯೇ ನಿಲ್ಲುತ್ತಾರೆ. ಮುಂದಿನ ಭೇಟಿಯಲ್ಲಿ ಈ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ.

ಇನ್ನು ಆಟದ ನಂತರ ಮಸುಕಾಗುವುದು. ಇದಕ್ಕೆ ಊಥಾಫ್ ಲಕ್ಷಣ ಎಂಬ ಹೆಸರೇ ಇದೆ. 1890ರಲ್ಲಿ ಜರ್ಮನಿಯ ವೈದ್ಯರೊಬ್ಬರು ಇದನ್ನು ಗುರುತಿಸಿ ಬರೆದರು, ಹೆಸರು ಅವರದೇ. ಒಂದು ದೃಷ್ಟಿನರದಲ್ಲಿ ಹೆಚ್ಚುಕಡಿಮೆ ಹನ್ನೆರಡು ಲಕ್ಷ ಎಳೆಗಳಿರುತ್ತವೆ, ಪ್ರತಿ ಎಳೆಗೂ ಮಯಲಿನ್ ಎಂಬ ಹೊದಿಕೆ. ಉರಿಯೂತ ಆ ಹೊದಿಕೆಯನ್ನು ಕೆಡಿಸುತ್ತದೆ. ಬಾವು ಇಳಿದ ಮೇಲೆ ಹೊದಿಕೆ ಮತ್ತೆ ಕೂಡಿಕೊಂಡರೂ ಮೊದಲಿನಷ್ಟು ದಪ್ಪ ಇರುವುದಿಲ್ಲ. ಅಂತಹ ಎಳೆ ತಂಪಿನಲ್ಲಿ ಕೆಲಸ ನಡೆಸಿಕೊಂಡು ಹೋಗುತ್ತದೆ, ಮೈ ಕಾದಾಗ ಸೋಲುತ್ತದೆ. ಹೊಲದ ಬೋರ್‌ವೆಲ್ ಮೋಟಾರು ಮಧ್ಯಾಹ್ನ ಕಾದು ನಿಂತು, ಆರಿದ ಮೇಲೆ ತಾನೇ ಹೊರಡುವುದನ್ನು ಕಂಡಿದ್ದೀರಲ್ಲ, ಹಾಗೆ. ಓಟ, ಜ್ವರ, ಬಿಸಿನೀರಿನ ಸ್ನಾನ, ನಮ್ಮ ಕಡೆಯ ಬಿಸಿಲು, ಯಾವುದರಿಂದಲೂ ಆಗಬಹುದು. ಇದರಿಂದ ನರಕ್ಕೆ ಹೊಸ ಹಾನಿ ಆಗುವುದಿಲ್ಲ. ಮೈ ಆರಿದಂತೆ ದೃಷ್ಟಿ ಇದ್ದಲ್ಲಿಗೆ ಬರುತ್ತದೆ.

ಆದರೆ ಒಂದು ಗೆರೆ ಎಳೆದುಕೊಳ್ಳಿ. ಮೈ ತಣ್ಣಗಾದರೂ ಮಸುಕು ಹೋಗದೆ ಒಂದು ಹಗಲು ಒಂದು ರಾತ್ರಿ ಉಳಿದರೆ, ಅಥವಾ ಕಣ್ಣು ಹೊರಳಿಸಿದಾಗ ಮತ್ತೆ ನೋವು ಬಂದರೆ, ಅದು ಬಿಸಿಲಿನದಲ್ಲ. ಆಗ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹುಮನಾಬಾದಿನ ಅಣ್ಣ ಹೇಳಿದ ಕುಂಕುಮದ ಪರೀಕ್ಷೆ ಒಳ್ಳೆಯದು. ಆದರೆ ಅದು ಒಂದು ಕಣ್ಣನ್ನು ಇನ್ನೊಂದರ ಜೊತೆ ಹೋಲಿಸುವ ಪರೀಕ್ಷೆ. ಎರಡೂ ಕಣ್ಣು ಸಮನಾಗಿ ಕೆಟ್ಟಿದ್ದರೆ ಎರಡರಲ್ಲೂ ಕೆಂಪು ಒಂದೇ ಥರ ಮಾಸಿರುತ್ತದೆ, ಮಗು ಸರಿಯಾಗಿದೆ ಎಂದುಬಿಡುತ್ತದೆ.

ಜೇವರ್ಗಿ ಹುಡುಗ

ಅಕ್ಕಾ, ನಾನೀಗ ಪದವಿ ಎರಡನೇ ವರ್ಷದಲ್ಲಿದ್ದೇನೆ. ಹನ್ನೆರಡನೇ ವಯಸ್ಸಿನಲ್ಲಿ ನನ್ನ ಎಡಗಣ್ಣಿಗೆ ಇದು ಬಂದಿತ್ತು. ಇವತ್ತಿಗೂ ಚಾರ್ಟಿನಲ್ಲಿ ನಾನು 6/6. ತಂಗಿಗೆ ಹೇಳಲು ಬಾರದೆ ಉಳಿದಿರುವುದು ಇದ್ದರೂ ಇದ್ದೀತು ಎಂದು ಬರೆಯುತ್ತಿದ್ದೇನೆ.

ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಯಾವುದೂ ಮಾಯವಾಗುವುದಿಲ್ಲ, ಎಲ್ಲವೂ ಇರುತ್ತದೆ. ಆದರೆ ಯಾರೋ ಕೋಣೆಯ ಬಲ್ಬ್ ತೆಗೆದು ಕಡಿಮೆ ವ್ಯಾಟಿನದು ಹಾಕಿದ ಹಾಗೆ ಇರುತ್ತದೆ. ಮುಸ್ಸಂಜೆಯಲ್ಲಿ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ನಮ್ಮ ಕಡೆಯ ಫರ್ಸಿಕಲ್ಲಿನ ಮೆಟ್ಟಿಲುಗಳೆಲ್ಲ ಒಂದೇ ಬಣ್ಣ. ಮನೆಯಲ್ಲಿ ಅಪ್ಪ ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಸುಣ್ಣ ಬಳಿದಿದ್ದಾರೆ. ಅದನ್ನು ಯಾವ ವೈದ್ಯರೂ ಹೇಳಿಕೊಟ್ಟಿದ್ದಲ್ಲ, ಅವರೇ ಕಂಡುಕೊಂಡಿದ್ದು.

ಇನ್ನೊಂದು, ಚೆಂಡು. ಅಡ್ಡ ಬಂದ ಕ್ಯಾಚ್ ಹಿಡಿಯಲು ಕೈ ಚಾಚಿದರೆ ಚೆಂಡು ನಾನು ನಂಬಿದ ಜಾಗದಲ್ಲಿ ಇರುತ್ತಿರಲಿಲ್ಲ. ಎಡದಿಂದ ಬಲಕ್ಕೆ ಹೋಗುವಾಗ ಒಂದು ದೂರ, ಬಲದಿಂದ ಎಡಕ್ಕೆ ಬರುವಾಗ ಇನ್ನೊಂದು ದೂರ. ಹಿಡಿಯಲು ಮನಸ್ಸಿಲ್ಲ ಎಂದು ಗೆಳೆಯರು ತಂಡದಿಂದ ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರು ದಾರಕ್ಕೆ ಉಂಗುರ ಕಟ್ಟಿ ನನ್ನ ಮುಂದೆ ಅಡ್ಡಡ್ಡ ತೂಗಿಸಿದರು. ಹೇಗೆ ಹೋಗುತ್ತಿದೆ ಎಂದು ಕೇಳಿದರು. ಸುತ್ತು ಹಾಕುತ್ತಿದೆ ಎಂದೆ. ಪಕ್ಕದಲ್ಲಿ ಕುಳಿತಿದ್ದ ಅವ್ವ ಬೆಚ್ಚಿ, ಇಲ್ಲ ಮಗನೇ, ನೇರವಾಗಿ ಅತ್ತಿತ್ತ ಹೋಗುತ್ತಿದೆ ಎಂದಳು. ಅದಕ್ಕೆ ಪುಲ್‌ಫ್ರಿಶ್ ಪರಿಣಾಮ ಎನ್ನುತ್ತಾರಂತೆ. ಒಂದು ಕಣ್ಣಿನ ಸುದ್ದಿ ಮಿದುಳಿಗೆ ಒಂದಿಷ್ಟು ತಡವಾಗಿ ತಲುಪುತ್ತದೆ, ಓಡುವ ವಸ್ತುವಿನ ದೂರ ಆಗ ತಪ್ಪುತ್ತದೆ. ಆ ದಿನ ಆಸ್ಪತ್ರೆಯ ಹೊರಗೆ ಬಂದು ಬಹಳ ಹೊತ್ತು ಅತ್ತೆ. ಅವ್ವ ಹೆದರಿದಳು, ಆದರೆ ಅದು ದುಃಖದ ಅಳುವಾಗಿರಲಿಲ್ಲ. ನಾನು ಸುಳ್ಳುಗಾರನಲ್ಲ ಎಂದು ಎಂಟು ವರ್ಷಗಳ ನಂತರ ಒಬ್ಬರು ಹೇಳಿದ್ದರು.

ಜಗತ್ ವೃತ್ತದಲ್ಲಿ ರಸ್ತೆ ದಾಟುವಾಗ ಈಗಲೂ ಆಟೊಗಳ ದೂರವನ್ನು ನಾನು ಕಣ್ಣಿನಿಂದ ಅಳೆಯುವುದಿಲ್ಲ, ಪಕ್ಕದವರು ಕಾಲಿಟ್ಟಾಗ ಕಾಲಿಡುತ್ತೇನೆ. ತಂಗಿಗೂ ಸದ್ಯಕ್ಕೆ ಒಬ್ಬಳೇ ದಾಟಬೇಡ ಎಂದು ಹೇಳಿ.

ಭಾಲ್ಕಿಯ ಸೊಸೆ

ನನ್ನ ನಾದಿನಿಯ ಮಗನಿಗೆ ಹೋದ ವಾರ ಇದೇ ಕಾಯಿಲೆ ಎಂದು ಹೇಳಿದ್ದಾರೆ, ಹನ್ನೊಂದು ವರ್ಷ. ಸಲೈನ್ ಮುಗಿದು ಈಗ ಮಾತ್ರೆ ನಡೆದಿದೆ. ಹುಡುಗನ ಮುಖ ಬಾತಿದೆ, ಹಸಿವೋ ಹಸಿವು, ರಾತ್ರಿ ನಿದ್ದೆಯಿಲ್ಲ. ಸ್ಟೆರಾಯ್ಡ್ ಬಹಳ ಕೆಟ್ಟದ್ದು, ನಿಲ್ಲಿಸಿ ಕಣ್ಣಿಗೆ ಜೇನುತುಪ್ಪ ಬಿಡೋಣ ಎಂದು ಅತ್ತೆಯವರು ಹಟ ಹಿಡಿದಿದ್ದಾರೆ. ಪೋಲಿಯೊ ಹನಿಯಿಂದ ಬಂದಿರಬೇಕು ಎಂದು ಪಕ್ಕದ ಮನೆಯವರು. ನಾನು ಹಿರಿಯರಿಗೆ ಎದುರಾಡಲಾರೆ, ಅವರಿಗೆ ಏನೆಂದು ತಿಳಿಸಿ ಹೇಳಲಿ?

ಹುಮನಾಬಾದಿನ ಅಪ್ಪ

ತಾಯಿ, ಮೊದಲ ಕೆಲಸ ಮಾತ್ರೆ ಯಾರ ಕೈಗೂ ಸಿಗದ ಹಾಗೆ ನಾದಿನಿಯ ಕೈಯಲ್ಲೇ ಇರಲಿ. ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ವಾರಗಟ್ಟಲೆ ಹೊರಗಿನಿಂದ ಕೊಟ್ಟಾಗ ಮೈ ತನ್ನದೇ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿಕೊಂಡಿರುತ್ತದೆ, ಅದು ಮತ್ತೆ ಏಳಲು ಸಮಯ ಬೇಕು. ಎಂಒಜಿ ಇರುವ ಮಕ್ಕಳಲ್ಲಿ ಮಾತ್ರೆಯನ್ನು ಬೇಗ ಇಳಿಸಿದರೆ ಕಾಯಿಲೆ ಮರಳುವುದೂ ಉಂಟು. ನಮ್ಮಲ್ಲಿ ಅದೇ ಆಗಿದ್ದು. ಮುಖ ಬಾತಿದೆ ಎಂದು ನೆಂಟರು ಆಡಿದ ಮಾತು ಕೇಳಿ ಕೊನೆಯ ಎರಡು ವಾರದ ಮಾತ್ರೆಯನ್ನು ನಾನೇ ಬಿಡಿಸಿದೆ. ಆ ಕಾರಣಕ್ಕೇ ಮರಳಿತು ಎಂದು ವೈದ್ಯರು ಹೇಳಲಿಲ್ಲ, ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಎರಡನೆಯ ಸಲ ಸಲೈನಿಗೂ ಬಗ್ಗಲಿಲ್ಲ. ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಮಾಡಬೇಕಾಯಿತು. ಐದು ಸಲ, ದಿನ ಬಿಟ್ಟು ದಿನ. ಆ ಹತ್ತು ದಿನಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮುಖದ ಬಾವು ಇಳಿಯುತ್ತದೆ, ನನ್ನ ಮಗನದು ಮೂರು ತಿಂಗಳಲ್ಲಿ ಇಳಿಯಿತು. ಉಪ್ಪು, ಸಿಹಿ ಕಡಿಮೆ ಮಾಡಿ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡಲು ಹೇಳಿರುತ್ತಾರೆ, ರಾತ್ರಿ ಕೊಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ. ರಕ್ತದೊತ್ತಡ, ಸಕ್ಕರೆ ನೋಡಿಸುತ್ತಿರಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದಿದ್ದರೆ ಅಥವಾ ಮಗುವಿನ ಸುತ್ತ ಯಾರಿಗಾದರೂ ಸಿಡುಬಿನಂತಹ ಗುಳ್ಳೆ ಎದ್ದಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ದೃಷ್ಟಿ ಪರೀಕ್ಷಕಿ, ಯಾದಗಿರಿ

ಅಣ್ಣನ ಮಾತಿಗೆ ಸೇರಿಸುತ್ತೇನೆ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಬಾತಿರುವುದು ಕಣ್ಣುಗುಡ್ಡೆಯ ಹಿಂದಿನ ನರ. ಮುಂದಿನಿಂದ ಬಿಟ್ಟ ಜೇನು, ಎಣ್ಣೆ, ಎದೆಹಾಲು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಕಣ್ಣಿನ ಮುಂಭಾಗಕ್ಕೆ ಸೋಂಕು ತಗುಲಿದರೆ ಮತ್ತೊಂದು ಕಷ್ಟ. ದೃಷ್ಟಿ ತೆಗೆಯುವುದಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಲಿ, ಅದರಿಂದ ಅವರ ಮನಸ್ಸಿಗೆ ಸಮಾಧಾನ, ಮಗುವಿಗೆ ತೊಂದರೆಯಿಲ್ಲ. ಕಣ್ಣೊಳಗೆ ಮಾತ್ರ ಏನನ್ನೂ ಬಿಡುವುದು ಬೇಡ.

ಬರೀ ಮಾತ್ರೆ ಸಾಕಿತ್ತು, ಸಲೈನ್ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಅಮೆರಿಕದಲ್ಲಿ 457 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆದು 1992ರಲ್ಲಿ ಪ್ರಕಟವಾಯಿತು. ಸಲೈನಿನಲ್ಲಿ ಕೊಟ್ಟವರಿಗೆ ದೃಷ್ಟಿ ಬೇಗ ಮರಳಿತು. ಸಾಮಾನ್ಯ ಪ್ರಮಾಣದ ಪ್ರೆಡ್ನಿಸೋನ್ ಮಾತ್ರೆಯನ್ನಷ್ಟೇ ಕೊಟ್ಟವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಅದು 18ರಿಂದ 46 ವರ್ಷದವರ ಮೇಲೆ ನಡೆದದ್ದು, ಮಕ್ಕಳ ವೈದ್ಯರೂ ಅದರಿಂದಲೇ ದಾರಿ ಹಿಡಿದರು. ಮಕ್ಕಳಿಗೆ ತೂಕ ನೋಡಿ ಪ್ರಮಾಣ ನಿರ್ಧರಿಸುತ್ತಾರೆ.

ಲಸಿಕೆಯ ವಿಷಯ: ಮಕ್ಕಳಲ್ಲಿ ಈ ಕಾಯಿಲೆ ಜ್ವರ, ನೆಗಡಿಯಂತಹ ಸೋಂಕು ಬಂದುಹೋದ ಒಂದೆರಡು ವಾರಕ್ಕೆ ಕಾಣಿಸಿಕೊಳ್ಳುವುದು ಹೆಚ್ಚು. ಲಸಿಕೆಯ ನಂತರ ಬಂದದ್ದು ಅಪರೂಪವಾಗಿ ವರದಿಯಾಗಿದೆ, ಅದಕ್ಕಾಗಿ ಮನೆಯ ಉಳಿದ ಮಕ್ಕಳ ಲಸಿಕೆ ನಿಲ್ಲಿಸಬೇಡಿ. ಈ ಹುಡುಗನಿಗೆ ಮಾತ್ರ ಸ್ಟೆರಾಯ್ಡ್ ನಡೆಯುವಾಗ ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಹಾಕಿಸಬಾರದು.

ನಾದಿನಿಗೆ ಧೈರ್ಯ ಹೇಳಿ. ಶುರುವಿನಲ್ಲಿ ಮಕ್ಕಳ ದೃಷ್ಟಿ ದೊಡ್ಡವರಿಗಿಂತ ಹೆಚ್ಚು ಕುಸಿಯುತ್ತದೆ, ಕೈ ಆಡಿಸಿದ್ದೂ ಕಾಣದಷ್ಟು. ಆದರೂ ಬಹುಪಾಲು ಮಕ್ಕಳು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಮೊದಲ ಕೆಲವು ವಾರಗಳಲ್ಲಿ ಬೇಗ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ.

ಸುರಪುರದ ಶಿಕ್ಷಕಿ

ಇದನ್ನೆಲ್ಲ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನನ್ನ ತರಗತಿಯಲ್ಲೂ ಇಂತಹ ಒಬ್ಬ ಹುಡುಗನಿದ್ದ. ಅವನ ಪ್ರಗತಿ ಪತ್ರದಲ್ಲಿ ಗಮನ ಕೊಡುವುದಿಲ್ಲ ಎಂದು ಬರೆದವಳು ನಾನೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವನ ಹೆಸರು ಬರೆಸಿದ್ದರಿಂದ ತಡವಾಗಿಯಾದರೂ ಗೊತ್ತಾಯಿತು. ಆಮೇಲೆ ನಾನು ಬದಲಿಸಿಕೊಂಡದ್ದನ್ನು ಹೇಳುತ್ತೇನೆ, ನಿಮ್ಮ ಮಗಳ ಟೀಚರಿಗೆ ತೋರಿಸಿ.

ಹಲಗೆಯನ್ನು ಬರೀ ಡಸ್ಟರಿನಿಂದ ಒರೆಸಿದರೆ ಬೂದು ಬಣ್ಣ ಉಳಿಯುತ್ತದೆ, ಅದರ ಮೇಲೆ ಬಿಳಿ ಅಕ್ಷರ ಎದ್ದು ಕಾಣುವುದಿಲ್ಲ. ದಿನಕ್ಕೆರಡು ಸಲ ಹಸಿ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಸೀಮೆಸುಣ್ಣವನ್ನು ಓರೆ ಹಿಡಿದು ದಪ್ಪಗೆ ಬರೆದೆ. ನೀಲಿ, ಕೆಂಪು ಸೀಮೆಸುಣ್ಣ ಬಿಟ್ಟೆ, ಬಿಳಿ ಮತ್ತು ಹಳದಿ ಮಾತ್ರ. ಬರೆಯುತ್ತ ಬಾಯಿಯಲ್ಲೂ ಹೇಳಿದೆ. ಅವನನ್ನು ಕಿಟಕಿಗೆ ಬೆನ್ನು ಮಾಡಿ, ಫ್ಯಾನಿನ ಕೆಳಗೆ ಕೂರಿಸಿದೆ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ಹಿಂದಿನ ಬೆಂಚಿನ ಇನ್ನೂ ನಾಲ್ಕು ಮಕ್ಕಳು ಸರಿಯಾಗಿ ನಕಲು ಮಾಡತೊಡಗಿದರು. ಆಟದ ಅವಧಿಯನ್ನು ಮುಖ್ಯ ಗುರುಗಳನ್ನು ಕೇಳಿ ಕೊನೆಗೆ ಹಾಕಿಸಿದೆ. ಆಟ ಬಿಡಿಸಬೇಡಿ, ಅದನ್ನು ಕಸಿದುಕೊಂಡರೆ ಮಗು ನಿಜ ಹೇಳುವುದನ್ನು ನಿಲ್ಲಿಸುತ್ತದೆ.

ನನ್ನದೊಂದು ಪ್ರಶ್ನೆ. ಇಂತಹ ಮಕ್ಕಳಿಗೆ ಅಂಗವಿಕಲತೆಯ ಪ್ರಮಾಣಪತ್ರ ಸಿಗುತ್ತದೆಯೇ? ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಕ್ಕರೆ ಉಪಕಾರವಾದೀತು.

ದೃಷ್ಟಿ ಪರೀಕ್ಷಕಿ, ಯಾದಗಿರಿ

ಟೀಚರ್, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿ ಎಂದರೆ ಕನ್ನಡಕ ಹಾಕಿದ ಮೇಲೂ ಇರುವುದರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇರಬೇಕು, ಅಥವಾ ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿರಬೇಕು. ಬಣ್ಣ ಮಾಸುವುದು, ತೆಳು ಬಣ್ಣದ ಗೆರೆ ಎದ್ದು ಕಾಣದಿರುವುದು ಆ ಲೆಕ್ಕದಲ್ಲಿ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ನಿಯಮ ಇರುವುದು ಹಾಗೆ. ನಿಜವಾಗಿಯೂ ದೃಷ್ಟಿ ಮರಳದೆ ಉಳಿದ ಮಕ್ಕಳು ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಖಂಡಿತ ಅರ್ಜಿ ಹಾಕಬೇಕು. ಉಳಿದವರಿಗೆ, ವೈದ್ಯರು ಶಾಲೆಗೆಂದೇ ಬರೆದ ಒಂದು ಪುಟದ ಪತ್ರವೇ ಬಲ.

ಸೇಡಂ ರಸ್ತೆಯ ತಾಯಿ, ಕಲಬುರಗಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈಮುಗಿಯುತ್ತೇನೆ.

ಕುಂಕುಮದ ಪರೀಕ್ಷೆಯನ್ನು ಅಂದು ರಾತ್ರಿಯೇ ಮಾಡಿದೆ. ಎಡಗಣ್ಣಿನಲ್ಲಿ ಕೆಂಪು ಮಾಸಿದೆ ಎಂದಳು. ಮರುದಿನ ಅಜ್ಜಿಯ ಜೊತೆ ಜೋಳ ಹಸನು ಮಾಡಲು ಕೂತಾಗ ನೋಡಿದೆ. ದಸರೆಗೆ ಮುಂಚೆ ಅಜ್ಜಿಗಿಂತ ಬೇಗ ಹರಳು ಆರಿಸುತ್ತಿದ್ದವಳು. ಈಗ ಕಪ್ಪು ಹರಳನ್ನೆಲ್ಲ ಆರಿಸುತ್ತಾಳೆ, ಜೋಳದ ಬಣ್ಣದ ಹರಳು ಅಲ್ಲೇ ಉಳಿಯುತ್ತದೆ. ಬೆರಳಿನಿಂದ ಸವರಿ ಗಟ್ಟಿ ಎನಿಸಿದ್ದನ್ನು ತೆಗೆಯುತ್ತಿದ್ದಳು. ಇಷ್ಟು ದಿನ ಅದನ್ನು ನಾನು ಕಂಡಿರಲೇ ಇಲ್ಲ.

ಹೈದರಾಬಾದಿಗೆ ಹೋಗಿ ಬಂದೆವು. ಮಗಳು ಹೇಳುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ವೈದ್ಯರು ಪೂರ್ತಿ ಓದಿದರು. ಪೆಲ್ಲಿ-ರಾಬ್ಸನ್ ಕೇಳಿದೆ, ಮಾಡಿದರು. ಬಲಗಣ್ಣು ಪರವಾಗಿಲ್ಲ, ಎಡಗಣ್ಣು ಬಹಳ ಹಿಂದೆ. ತಲೆಗೆ ತಂತಿ ಅಂಟಿಸಿ ಪರದೆಯ ಮೇಲೆ ಕಪ್ಪು-ಬಿಳಿ ಚೌಕಗಳನ್ನು ಅದಲುಬದಲು ಮಾಡಿ, ಕಣ್ಣಿನ ಸುದ್ದಿ ಮಿದುಳಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಅಳೆಯುವ ವಿಇಪಿ ಪರೀಕ್ಷೆಯೂ ಆಯಿತು. ಸುಮಾರು 100 ಮಿಲಿಸೆಕೆಂಡಿಗೆ ಬರಬೇಕಾದ ಅಲೆ ಎಡಗಡೆ 127ಕ್ಕೆ ಬರುತ್ತಿದೆ. ಕಣ್ಣಿನ ಒಳಪದರಗಳನ್ನು ತೋರಿಸುವ ಒಸಿಟಿ ಚಿತ್ರದಲ್ಲಿ ನರದ ಪದರ ತೆಳುವಾಗಿದೆ. ಹೊಸ ಬಾವು ಎಲ್ಲೂ ಇಲ್ಲ. ಅಣ್ಣ ಕೇಳಿದ ಎರಡೂ ಪ್ರತಿಕಾಯಗಳು ಅಕ್ಟೋಬರ್‌ನಲ್ಲೇ ನೆಗೆಟಿವ್ ಬಂದಿದ್ದವು, ಕಾಗದ ನನ್ನ ಬಳಿಯೇ ಇತ್ತು.

ಆ ಅಲೆಯ ಕಾಗದವನ್ನು ವೈದ್ಯರು ಮಗಳ ಮುಂದೆ ಹಿಡಿದು, ಇಲ್ಲಿ ನೋಡು, ನೀನು ಹೇಳಿದ್ದು ಇಲ್ಲಿ ಕಾಣುತ್ತಿದೆ ಎಂದರು. ಅವಳು ಆ ಗೆರೆಯನ್ನಲ್ಲ, ನನ್ನ ಮುಖವನ್ನು ನೋಡಿದಳು.

ಶಾಲೆಗೆ ಪತ್ರ ಕೊಟ್ಟೆ. ಸುರಪುರದ ಅಕ್ಕಾವರು ಬರೆದದ್ದನ್ನೂ ಮುದ್ರಿಸಿ ಜೊತೆಗಿಟ್ಟೆ. ಟೀಚರ್ ಅದನ್ನು ಓದಿ ಮಗಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಏನು ಹೇಳಿದರು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರದಿಂದ ಗಣಿತ ಮೊದಲ ಅವಧಿಗೆ ಬಂದಿದೆ. ನೀರಿನ ಬಾಟಲಿ, ಕೊರಳಿಗೆ ಹಸಿ ಕರವಸ್ತ್ರ, ನೆರಳಿನಲ್ಲಿ ಹತ್ತು ನಿಮಿಷ, ಇಷ್ಟು ಕೊಟ್ಟರೆ ಬೇಗ ತಿಳಿಯಾಗುತ್ತದೆ ಎನ್ನುತ್ತಾಳೆ. ಜೋಳವನ್ನು ಈಗ ಕರಿಕಂಬಳಿಯ ಮೇಲೆ ಹರವಿ ನೋಡಿದೆವು, ಅದಕ್ಕೇನೂ ಪ್ರಯೋಜನವಾಗಲಿಲ್ಲ. ಹರಳೂ ಜೋಳವೂ ಒಂದೇ ಬಣ್ಣವಲ್ಲವೇ. ಸದ್ಯಕ್ಕೆ ತೊಗರಿಬೇಳೆ ಕೊಟ್ಟಿದ್ದೇವೆ. ಅದರಲ್ಲಿ ಹರಳು ಸಿಗುತ್ತಿವೆ.

ಜೇವರ್ಗಿಯ ತಮ್ಮಾ, ನಿನ್ನ ಉಂಗುರದ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಮನೆಯಲ್ಲಿ ಉಂಗುರ ಕಟ್ಟಿ ತೂಗಿಸು ಎಂದು ಹಟ ಹಿಡಿದಳು. ನೇರವಾಗಿಯೂ ಇಲ್ಲ, ದುಂಡಗೂ ಇಲ್ಲ, ತತ್ತಿಯ ಹಾಗೆ ಸುತ್ತುತ್ತದೆ ಎಂದಳು. ನಿನಗೆ ಹೇಗೆ ಕಾಣುತ್ತದೆ ಎಂದು ಕೇಳಿ ಬರೆಯಲು ಹೇಳಿದ್ದಾಳೆ.

ಜೇವರ್ಗಿ ಹುಡುಗ

ನನಗೂ ತತ್ತಿಯ ಹಾಗೆಯೇ, ಅಕ್ಕಾ. ತಂಗಿಗೆ ಹೇಳಿ.